ಅರ್ಥ ಇಲ್ಲದಿದ್ದರೂ ಪರವಾಗಿಲ್ಲ, ಒಳಗೆ ಬನ್ನಿ

ವರ್ಷಕ್ಕೆ ನಾಲ್ಕೈದು ಸಲ ಆ ಸುದ್ದಿ ತಪ್ಪದೆ ಬರುತ್ತದೆ. ‘ಇಂಗ್ಲಿಷ್ ಡಿಕ್ಷನರಿಗೆ ಹೊಸ ಪದಗಳು.’ ಜೊತೆಗೊಂದು ದಪ್ಪ ಪುಸ್ತಕದ ಫೋಟೋ, ಅದರ ಮೇಲೊಂದು ಕನ್ನಡಕ. ಆ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ. ಆ ಕನ್ನಡಕ ಯಾರದೋ ಗೊತ್ತಿಲ್ಲ. ಪದಗಳು ಸೇರುವುದು ವೆಬ್‌ಸೈಟಿಗೆ. ಆದರೂ ಫೋಟೋಗೆ ಮಾತ್ರ ಪುಸ್ತಕವೇ ಆಗಬೇಕು, ಮರ್ಯಾದೆಯ ಪ್ರಶ್ನೆ ಅಲ್ವಾ.

2025ರ ಆಗಸ್ಟ್‌ನಲ್ಲಿ ಬಂದ ಪಟ್ಟಿ ನಿಮಗೆ ನೆನಪಿರುತ್ತದೆ. ಕೇಂಬ್ರಿಜ್ ಡಿಕ್ಷನರಿಯವರು ಒಂದು ವರ್ಷದಲ್ಲಿ 6,000ಕ್ಕೂ ಜಾಸ್ತಿ ಪದ, ನುಡಿಗಟ್ಟು, ಹೊಸ ಅರ್ಥಗಳನ್ನು ಸೇರಿಸಿದ್ದರು. ಅಷ್ಟರಲ್ಲಿ ಜಗತ್ತಿನ ಕಣ್ಣಿಗೆ ಬಿದ್ದದ್ದು ಒಂದೇ. ಸ್ಕಿಬಿಡಿ. ಯೂಟ್ಯೂಬಿನಲ್ಲಿ ಕಮೋಡಿನೊಳಗಿಂದ ತಲೆ ಎತ್ತಿ ಹಾಡುವ ಗೊಂಬೆಗಳ ಸರಣಿಯಿಂದ ಹರಡಿದ ಪದ. ಕಮೋಡಿನಿಂದ ಕೇಂಬ್ರಿಜ್‌ವರೆಗಿನ ದಾರಿಗೆ ಹಿಡಿದದ್ದು ಎರಡೂವರೆ ವರ್ಷ. ಅಂಥ ಜಾಗದಿಂದ ಇಷ್ಟು ಬೇಗ ಮೇಲೆ ಬಂದವರನ್ನು ನಾನು ರಾಜಕೀಯದಲ್ಲಿ ಮಾತ್ರ ನೋಡಿದ್ದೆ.

ಅದಕ್ಕೆ ಅವರು ಕೊಟ್ಟ ಅರ್ಥದ ಸಾರ ಇಷ್ಟು: ‘ಚೆನ್ನಾಗಿದೆ’ ಅಂತಲೂ ಆಗಬಹುದು, ‘ಕೆಟ್ಟದಾಗಿದೆ’ ಅಂತಲೂ ಆಗಬಹುದು, ಯಾವ ಅರ್ಥವೂ ಇಲ್ಲದೆ ಸುಮ್ನೆ ತಮಾಷೆಗೂ ಬಳಸಬಹುದು.

ಎಂಥ ಅರ್ಥ ನೋಡಿ! ಜಾತಕ, ಆಫೀಸಿನ ಇಮೇಲ್, ಮಂತ್ರಿಗಳ ಸ್ಪಷ್ಟನೆ, ಸಿನಿಮಾ ವಿಮರ್ಶೆ, ಇವೆಲ್ಲಕ್ಕೂ ಇದೊಂದೇ ಅರ್ಥ ಸಾಕು. ಒಳ್ಳೆಯದು, ಕೆಟ್ಟದ್ದು, ಏನೂ ಅಲ್ಲದ್ದು, ಮೂರನ್ನೂ ಒಂದೇ ಪದ ಹೊತ್ತುಕೊಂಡ ಮೇಲೆ ಉಳಿದ ಪದಗಳಿಗೆ ಏನು ಕೆಲಸ? ಅವುಗಳಿಗೆ ಪಿಂಚಣಿ ಕೊಟ್ಟು ಕಳಿಸಬಹುದು.

ನನ್ನ ಮಗಳಿಗೆ ಹನ್ನೆರಡು ವರ್ಷ. ಊಟಕ್ಕೆ ಕರೆದರೆ ‘ಸ್ಕಿಬಿಡಿ’ ಅನ್ನುತ್ತಿದ್ದಳು. ಹಾಗಂದ್ರೆ ಬರ್ತೀಯಾ, ಬರಲ್ವಾ ಅಂತ ಕೇಳಿದರೆ ಮತ್ತೆ ಸ್ಕಿಬಿಡಿ. ಒಂದು ದಿನ ತಲೆ ಕೆಟ್ಟು ಗದರಿದೆ. ‘ಅರ್ಥ ಇರೋ ಮಾತಾಡು.’ ಅವಳು ಫೋನು ತಂದು ನನ್ನ ಮೂಗಿನ ಹತ್ತಿರ ಹಿಡಿದಳು. ‘ಅಪ್ಪಾ, ಡಿಕ್ಷನರಿಯಲ್ಲಿದೆ ನೋಡು.’ ಅಲ್ಲಿಗೆ ನನ್ನ ವಾದ ಮುಗಿಯಿತು. ಡಿಕ್ಷನರಿಯಲ್ಲಿದೆ ಅಂದ ಮೇಲೆ ಮೇಲ್ಮನವಿ ಹಾಕಲು ಇನ್ನೊಂದು ಕೋರ್ಟಿಲ್ಲ. ಸೋತವನು ಗೆದ್ದವರ ಭಾಷೆ ಕಲಿಯಬೇಕಲ್ಲ, ಮರುದಿನದಿಂದ ನಾನೂ ಮನೆಯಲ್ಲಿ ಸ್ಕಿಬಿಡಿ ಅನ್ನತೊಡಗಿದೆ. ಚಾರ್ಜರ್ ಎಲ್ಲಿ ಅಂದರೆ ಸ್ಕಿಬಿಡಿ, ಮಳೆ ಬಂತು ಅಂದರೆ ಸ್ಕಿಬಿಡಿ. ಮೂರೇ ದಿನಕ್ಕೆ ಅವಳು ಆ ಪದವನ್ನೇ ಬಿಟ್ಟುಬಿಟ್ಟಳು. ಅಪ್ಪನ ಬಾಯಿಗೆ ಬಿದ್ದ ಪದವನ್ನು ಯಾವ ಮಗು ತಾನೇ ಮುಟ್ಟುತ್ತದೆ?

ಬಾಳಿಕೆ ಬರುತ್ತದೆ ಅನ್ನಿಸಿದ ಪದಗಳನ್ನಷ್ಟೇ ನಾವು ಸೇರಿಸುತ್ತೇವೆ ಅಂತ ಕೇಂಬ್ರಿಜ್‌ನವರು ಆಗ ಹೇಳಿದ್ದರು. ಚಪ್ಪಲಿ ಮಾರುವವರೂ ಇದನ್ನೇ ಹೇಳುತ್ತಾರೆ.

ಅದೇ ಪಟ್ಟಿಯಲ್ಲಿ ‘ಡೆಲುಲು’ ಕೂಡ ಇತ್ತು. ಭ್ರಮೆಯಲ್ಲಿರುವವರು ಅನ್ನುವ ಅರ್ಥದ ‘ಡೆಲ್ಯೂಶನಲ್’ ಪದವನ್ನು ಮಗು ಚಪ್ಪರಿಸಿದ ಹಾಗೆ ಚಪ್ಪರಿಸಿದರೆ ಸಿಗುವ ಪದ. ಇದಕ್ಕೆ ಸಾಕ್ಷಿ ಯಾರು ಗೊತ್ತಾ? ಆಸ್ಟ್ರೇಲಿಯಾದ ಪ್ರಧಾನಿ. ಆ ವರ್ಷದ ಮಾರ್ಚ್‌ನಲ್ಲಿ ಸಂಸತ್ತಿನಲ್ಲಿ ನಿಂತು ವಿರೋಧ ಪಕ್ಷವನ್ನು ‘ಡೆಲುಲು ವಿತ್ ನೋ ಸೊಲುಲು’, ಅಂದರೆ ಭ್ರಮೆ ಇದೆ, ಪರಿಹಾರ ಇಲ್ಲ, ಅಂತ ಜರೆದಿದ್ದರು. ಪ್ರಧಾನಿ ಸಂಸತ್ತಿನಲ್ಲಿ ಆಡಿದ ಮಾತು ದಾಖಲೆಗೆ ಹೋಗುತ್ತದೆ, ದಾಖಲೆಗೆ ಹೋದದ್ದು ಪುರಾವೆ ಆಗುತ್ತದೆ, ಪುರಾವೆ ಇದ್ದದ್ದು ಡಿಕ್ಷನರಿಗೆ ಹೋಗುತ್ತದೆ. ಇಷ್ಟು ಚೊಕ್ಕವಾಗಿ ನಡೆಯುವ ವ್ಯವಸ್ಥೆಯನ್ನು ಟೀಕಿಸಲು ನನಗೆ ಹೇಗೆ ಮನಸ್ಸು ಬರಬೇಕು?

ಇನ್ನು ವರ್ಷದ ಪದ ಅನ್ನುವ ಜಾತ್ರೆ ಬೇರೆ. 2015ರಲ್ಲಿ ಆಕ್ಸ್‌ಫರ್ಡ್‌ನವರು ವರ್ಷದ ಪದವಾಗಿ ಆರಿಸಿದ್ದು ಪದವನ್ನಲ್ಲ, ಚಿತ್ರವನ್ನು. ನಗುತ್ತಾ ಕಣ್ಣೀರು ಸುರಿಸುವ ಆ ಹಳದಿ ಮುಖ. 2022ರಲ್ಲಿ ಮೊದಲ ಸಲ ಜನರ ಕೈಗೇ ಮತ ಕೊಟ್ಟರು. ಮೂರು ಲಕ್ಷಕ್ಕೂ ಜಾಸ್ತಿ ಜನ ಮತ ಹಾಕಿ ‘ಗಾಬ್ಲಿನ್ ಮೋಡ್’ ಅನ್ನು ಗೆಲ್ಲಿಸಿದರು. ನಾಚಿಕೆ ಬಿಟ್ಟು, ಸ್ನಾನ ಬಿಟ್ಟು, ಹಾಸಿಗೆಯಲ್ಲೇ ಬಿದ್ದುಕೊಂಡು ತಿನ್ನುತ್ತಾ ಇರುವ ಸ್ಥಿತಿ ಅಂತ ಇಟ್ಟುಕೊಳ್ಳಿ. ಮತ ಹಾಕಿದವರು ಯಾವ ಸ್ಥಿತಿಯಲ್ಲಿ ಕೂತು ಹಾಕಿದರು ಅನ್ನುವುದು ಫಲಿತಾಂಶದಿಂದಲೇ ತಿಳಿಯಿತು. 2024ಕ್ಕೆ ‘ಬ್ರೇನ್ ರಾಟ್’ ಬಂತು, ಮಿದುಳು ಕೊಳೆಯುವುದು. ಮರುವರ್ಷ ಡಿಕ್ಷನರಿ ಡಾಟ್ ಕಾಮ್‌ನವರು ಎಲ್ಲರನ್ನೂ ಹಿಂದೆ ಹಾಕಿದರು. ಅವರ ವರ್ಷದ ಪದ 67. ಹೌದು, ಅಂಕಿ. ಅದನ್ನು ‘ಸಿಕ್ಸ್ಟಿ ಸೆವೆನ್’ ಅನ್ನಬಾರದಂತೆ, ‘ಸಿಕ್ಸ್ ಸೆವೆನ್’ ಅಂತಲೇ ಅನ್ನಬೇಕಂತೆ. ಹಾಗಂದ್ರೇನು ಅಂತ ನಮಗೂ ಪೂರ್ತಿ ಗೊತ್ತಾಗಿಲ್ಲ ಅಂತ ಅವರೇ ಒಪ್ಪಿಕೊಂಡರು. ಅರ್ಥ ಹೇಳುವುದೇ ಕಸುಬಾದವರು ಅರ್ಥ ಗೊತ್ತಿಲ್ಲದ್ದಕ್ಕೆ ಬಹುಮಾನ ಕೊಟ್ಟರು.

ಮಗಳನ್ನು ಕೇಳಿದೆ. ‘ಸಿಕ್ಸ್ ಸೆವೆನ್ ಅಂದ್ರೆ ಏನಮ್ಮಾ?’ ಅವಳು ಉತ್ತರ ಹೇಳಲಿಲ್ಲ. ಎರಡೂ ಅಂಗೈಗಳನ್ನು ಮೇಲ್ಮುಖ ಮಾಡಿ, ತಕ್ಕಡಿಯ ತಟ್ಟೆ ಆಡಿದ ಹಾಗೆ ಒಂದನ್ನು ಮೇಲೆ ಒಂದನ್ನು ಕೆಳಗೆ ಆಡಿಸಿದಳು. ಮುಖದಲ್ಲಿ ಯಾವ ಭಾವವೂ ಇಲ್ಲ. ‘ಅಷ್ಟೇನಾ?’ ಅಂದೆ. ಇನ್ನೊಮ್ಮೆ ಆಡಿಸಿದಳು.

ನ್ಯಾಯವಾಗಿ ಹೇಳಬೇಕು ಅಂದರೆ ಡಿಕ್ಷನರಿಯವರ ಕಡೆಗೂ ಒಂದು ವಾದವಿದೆ. ನಾವು ಬಾಗಿಲು ಕಾಯುವವರಲ್ಲ, ಲೆಕ್ಕ ಬರೆಯುವವರು, ಜನ ಆಡಿದ್ದನ್ನು ಬರೆದುಕೊಳ್ಳುತ್ತೇವೆ ಅಷ್ಟೇ ಅನ್ನುತ್ತಾರೆ. ತುಂಬಾ ಜನ, ತುಂಬಾ ಕಡೆ, ತುಂಬಾ ದಿನ ಬಳಸಿದ್ದಕ್ಕೆ ಪುರಾವೆ ಇರಬೇಕು. ಒಂದೇ ಊರಿನವರು, ಒಂದೇ ಪತ್ರಿಕೆಯವರು ಬರೆದರೆ ಸಾಲದು. ಈ ವಾದವನ್ನು ನಾನು ಒಪ್ಪುತ್ತೇನೆ. ಬಾಗಿಲು ಕಾಯುವವರ ಕಥೆ ಏನಾಗುತ್ತದೆ ಅನ್ನುವುದಕ್ಕೆ ಫ್ರೆಂಚರ ಅಕಾಡೆಮಿ ಇದೆಯಲ್ಲ. ಅವರು ತಮ್ಮ ಡಿಕ್ಷನರಿಯ ಮೊದಲ ಆವೃತ್ತಿ ತಂದದ್ದು 1694ರಲ್ಲಿ. ಒಂಬತ್ತನೆಯದು ಮುಗಿದದ್ದು 2024ರಲ್ಲಿ, ಸುಮಾರು 40 ವರ್ಷ ಕೂತು. ನಲವತ್ತು ಜನ ಸದಸ್ಯರು, ‘ಅಮರರು’ ಅಂತ ಬಿರುದು. ಅವರ ಕೆಲಸದ ವೇಗಕ್ಕೆ ಅಮರರಾಗದೆ ಬೇರೆ ದಾರಿಯೂ ಇರಲಿಲ್ಲ.

ಪುರಾವೆ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಯೋಚನೆ ಶುರುವಾದದ್ದು 1857ರಲ್ಲಿ. 1879ರಲ್ಲಿ ಜೇಮ್ಸ್ ಮರ್ರೆ ಅನ್ನುವ ಮೇಷ್ಟ್ರು ಸಂಪಾದಕರಾದರು. ಹತ್ತು ವರ್ಷದಲ್ಲಿ ಮುಗಿಸೋಣ ಅಂತ ಮಾತಾಗಿತ್ತು. ಐದು ವರ್ಷ ಕಳೆದು 1884ರಲ್ಲಿ ಮೊದಲ ಕಂತು ಬಂತು. ಎಷ್ಟು ದೂರ ಬಂದಿದ್ದರು? ‘ಎ’ಯಿಂದ ‘ಆಂಟ್’ವರೆಗೆ. ಐದು ವರ್ಷಕ್ಕೆ ಇರುವೆ. ಆನೆಗೆ ಹೋಗುವಷ್ಟರಲ್ಲಿ ಏನು ಗತಿ ಅಂತ ಪ್ರಕಾಶಕರು ತಲೆ ಮೇಲೆ ಕೈ ಹೊತ್ತಿರಬೇಕು.

ಮರ್ರೆಯ ಆಫೀಸು ಅಂದರೆ ತಗಡಿನ ಶೆಡ್ಡು. ಆಕ್ಸ್‌ಫರ್ಡ್‌ನಲ್ಲಿ ಮನೆಯ ತೋಟದಲ್ಲಿ, ಅರ್ಧ ನೆಲದೊಳಗೆ ಹುಗಿದ ಹಾಗೆ ಕಟ್ಟಿದ್ದು. ಚಳಿಗಾಲದಲ್ಲಿ ಥಂಡಿ ತಡೆಯದೆ ಕಾಲುಗಳನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟುಕೊಂಡು ಕೂರುತ್ತಿದ್ದರಂತೆ. ಗೋಡೆ ತುಂಬ ಗೂಡುಗಳು, ಗೂಡು ತುಂಬ ಚೀಟಿಗಳು. ಒಂದು ಚೀಟಿಗೆ ಒಂದು ಪದ. ಎಡಗಡೆ ಮೂಲೆಯಲ್ಲಿ ಪದ, ಆಮೇಲೆ ಇಸವಿ, ಬರೆದವರು, ಪುಸ್ತಕ, ಪುಟ, ಕೆಳಗೆ ಆ ಪದ ಬಂದ ಪೂರ್ತಿ ವಾಕ್ಯ. ಸಂಬಳ ಇಲ್ಲದೆ ಸಾವಿರಾರು ಜನ ಹಳೇ ಪುಸ್ತಕ ಓದಿ ಈ ಚೀಟಿಗಳನ್ನು ಬರೆದು ಅಂಚೆಗೆ ಹಾಕುತ್ತಿದ್ದರು. ಹುಚ್ಚಾಸ್ಪತ್ರೆಯೊಳಗಿಂದ ಚೀಟಿ ಕಳಿಸುತ್ತಿದ್ದ ವಿಲಿಯಂ ಮೈನರ್ ಅನ್ನುವ ಡಾಕ್ಟರೂ ಅವರಲ್ಲೊಬ್ಬರು, ಅದೇ ಒಂದು ದೊಡ್ಡ ಕಥೆ, ಇಲ್ಲಿ ಹೇಳುವುದಿಲ್ಲ. ಮರ್ರೆಗೆ ಹನ್ನೊಂದು ಮಕ್ಕಳು. ಚೀಟಿಗಳನ್ನು ಅಕ್ಷರದ ಸಾಲಿಗೆ ಜೋಡಿಸಿ ಕೊಟ್ಟರೆ ಮಕ್ಕಳಿಗೆ ಕೈಖರ್ಚಿಗೆ ಚಿಲ್ಲರೆ. ಬರುತ್ತಿದ್ದ ಟಪಾಲು ಎಷ್ಟಿತ್ತೆಂದರೆ ಅಂಚೆ ಇಲಾಖೆ ಅವರ ಮನೆ ಮುಂದೆಯೇ ಒಂದು ಕೆಂಪು ಡಬ್ಬ ನಿಲ್ಲಿಸಿತು. ಅದು ಇವತ್ತೂ ಅಲ್ಲೇ ಇದೆ.

ಮರ್ರೆಗಿಂತ ಮೊದಲು ಈ ಕೆಲಸ ನೋಡಿಕೊಂಡಿದ್ದ ಫರ್ನಿವಾಲ್ ಅವರಿಂದ ಹತ್ತಿರ ಹತ್ತಿರ ಎರಡು ಟನ್ ಚೀಟಿಗಳು ಬಂದವಂತೆ. ಮೂಟೆ ಬಿಚ್ಚಿದರೆ ಒಂದರಲ್ಲಿ ಸತ್ತ ಹೆಗ್ಗಣ. ಇನ್ನೊಂದರಲ್ಲಿ ಬದುಕಿದ್ದ ಇಲಿ, ಸಂಸಾರ ಸಮೇತ. ‘ಎಚ್’ ಅಕ್ಷರ ಪೂರ್ತಿ ನಾಪತ್ತೆ. ಹುಡುಕಿದರೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಸಿಕ್ಕಿತು. ‘ಪಿಎ’ ಇಂದ ಶುರುವಾಗುವ ಪದಗಳು ಐರ್ಲೆಂಡಿನ ಒಂದು ಕುದುರೆ ಲಾಯದಲ್ಲಿದ್ದವು, ಅದೂ ಒಲೆ ಹೊತ್ತಿಸಲು ಬಳಸಿ ಉಳಿದ ಚೂರುಪಾರು. ಒಂದು ಭಾಷೆಯ ಪದಗಳನ್ನು ಹೀಗೆ ಇಲಿಯ ಬಾಯಿಂದ, ಬೆಂಕಿಯ ಬಾಯಿಂದ ಬಿಡಿಸಿಕೊಂಡು ತಂದರು. ಇಷ್ಟೆಲ್ಲ ಜೋಪಾನ ಮಾಡಿಯೂ ‘ಬಾಂಡ್‌ಮೇಡ್’ ಅನ್ನುವ ಪದದ ಚೀಟಿ ಕಳೆದುಹೋಯಿತು. ತೊತ್ತು ಅನ್ನುವ ಅರ್ಥದ ಪದ. ಮೊದಲ ಆವೃತ್ತಿಯಲ್ಲಿ ಅದು ಇಲ್ಲ. 1933ರ ಪುರವಣಿಯಲ್ಲಿ ಸೇರಿತು. ತೊತ್ತಿಗೆ ಡಿಕ್ಷನರಿಯಲ್ಲೂ ಕೊನೆಯ ಪಂಕ್ತಿಯೇ.

ತನ್ನ ಎಂಬತ್ತನೇ ಹುಟ್ಟುಹಬ್ಬಕ್ಕೆ, ಅಂದರೆ 1917ಕ್ಕೆ, ಕೆಲಸ ಮುಗಿಸಬೇಕು ಅಂತ ಮರ್ರೆಗೆ ಆಸೆಯಿತ್ತು. 1915ರಲ್ಲಿ ‘ಟಿ’ ಅಕ್ಷರದಲ್ಲಿರುವಾಗಲೇ ಹೋಗಿಬಿಟ್ಟರು. ಡಿಕ್ಷನರಿ ಮುಗಿದದ್ದು 1928ರಲ್ಲಿ. ನಾಲ್ಕು ಲಕ್ಷಕ್ಕೂ ಜಾಸ್ತಿ ಪದಗಳು.

ಇನ್ನು ಅದೇ 1917ರ ಇನ್ನೊಂದು ಸಂಗತಿ. ಇಂಗ್ಲೆಂಡಿನ ನೌಕಾಪಡೆಯ ಅಡ್ಮಿರಲ್ ಆಗಿದ್ದ ಲಾರ್ಡ್ ಫಿಶರ್, ಆಗ 76 ವರ್ಷದ ಮುದುಕ, ಚರ್ಚಿಲ್‌ಗೆ ಒಂದು ಕಾಗದ ಬರೆದರು. ಹೊಸದೊಂದು ಬಿರುದು ಕೊಡುತ್ತಾರಂತೆ ಅಂತ ಹೇಳಿ, ಮುಂದೆ ‘ಓಎಂಜಿ’ ಅಂತ ಬರೆದು, ಬ್ರಾಕೆಟ್ಟಿನಲ್ಲಿ ‘ಓ ಮೈ ಗಾಡ್’ ಅಂತ ಬಿಡಿಸಿ ಹೇಳಿದರು. 2011ರಲ್ಲಿ ಓಎಂಜಿ ಡಿಕ್ಷನರಿಗೆ ಸೇರಿದಾಗ ಈಗಿನ ಹುಡುಗರು ಭಾಷೆ ಕೆಡಿಸಿದರು ಅಂತ ಊರೆಲ್ಲ ಬೊಬ್ಬೆ. ಕೆಡಿಸಿದವರು ಮೊದಲನೇ ಮಹಾಯುದ್ಧದ ಕಾಲದ ಅಜ್ಜ ಅಂತ ಸಾಕ್ಷಿ ಹೇಳಿದ್ದು ಅದೇ ಡಿಕ್ಷನರಿ. ಇಂಥ ಕಡೆ ನಾನು ಟೋಪಿ ತೆಗೆಯುತ್ತೇನೆ. ಆ ಕಾಗದ ಹುಡುಕಿದವರ ತಾಳ್ಮೆಗೆ ಮರ್ರೆಯ ಶೆಡ್ಡಿನ ವಾಸನೆ ಇದೆ.

ಆದರೆ ಅಂಥ ತಾಳ್ಮೆಗೆ ಹೆಡ್‌ಲೈನ್ ಸಿಗುವುದಿಲ್ಲ. 2013ರಲ್ಲಿ ‘ಟ್ವೀಟ್’ ಸೇರಿಸುವಾಗ, ಪದ ಹತ್ತು ವರ್ಷ ಬಳಕೆಯಲ್ಲಿರಬೇಕು ಅನ್ನುವ ನಮ್ಮ ನಿಯಮ ಇಲ್ಲಿ ಮುರಿದಿದೆ ಅಂತ ಆಕ್ಸ್‌ಫರ್ಡ್‌ನ ಸಂಪಾದಕರೇ ಬರೆದುಕೊಂಡರು. ಒಮ್ಮೆ ಬೇಲಿ ಹಾರಿದ ಮೇಲೆ ದನಕ್ಕೆ ಅದೇ ದಾರಿ. 2020ರಲ್ಲಿ ಅಮೆರಿಕದ ಡಿಕ್ಷನರಿ ಕಂಪನಿ ಮೆರಿಯಂ-ವೆಬ್‌ಸ್ಟರ್‌ನವರು ಕೋವಿಡ್-19 ಅನ್ನು 34 ದಿನದಲ್ಲಿ ಸೇರಿಸಿದರು. ಅದು ಸರಿಯೇ. ಜನ ಸಾಯುತ್ತಿರುವಾಗ ಹತ್ತು ವರ್ಷ ಕಾಯಿರಿ ಅನ್ನಲಾಗುತ್ತದೆಯೇ? ಆದರೆ ಕಮೋಡಿನ ಗೊಂಬೆಗಳಿಗೆ ಯಾವ ಅವಸರವಿತ್ತು?

ಅಮೆರಿಕದ ಒಂದು ಹಳೇ ಕಥೆ ಇಲ್ಲಿ ನೆನಪಾಗುತ್ತದೆ. 1934ರ ವೆಬ್‌ಸ್ಟರ್ ಡಿಕ್ಷನರಿಯಲ್ಲಿ ‘ಡೋರ್ಡ್’ ಅನ್ನುವ ಪದವಿತ್ತು. ಅರ್ಥ: ಸಾಂದ್ರತೆ. ಉಚ್ಚಾರಣೆಯನ್ನೂ ಕೊಟ್ಟಿದ್ದರು. ನಿಜವಾಗಿ ನಡೆದದ್ದು ಏನೆಂದರೆ, ರಸಾಯನಶಾಸ್ತ್ರದ ಸಂಪಾದಕರೊಬ್ಬರು ದೊಡ್ಡ ‘ಡಿ’ ಆಗಲಿ ಚಿಕ್ಕ ‘ಡಿ’ ಆಗಲಿ ಸಾಂದ್ರತೆಗೆ ಸಂಕೇತ ಅನ್ನುವುದನ್ನು ‘ಡಿ ಆರ್ ಡಿ’ ಅಂತ ಒಂದು ಚೀಟಿಯಲ್ಲಿ ಬರೆದಿದ್ದರು. ನಡುವಿನ ‘ಆರ್’ ಅಂದರೆ ‘ಅಥವಾ’. ಆ ಚೀಟಿ ತಪ್ಪು ಕಟ್ಟಿಗೆ ಹೋಗಿ, ಮೂರೂ ಕೂಡಿಕೊಂಡು ಡೋರ್ಡ್ ಆಯಿತು. ಈ ಪದ ಎಲ್ಲಿಂದ ಬಂತು ಅನ್ನುವ ವಿವರವೇ ಇಲ್ಲವಲ್ಲ ಅಂತ 1939ರಲ್ಲಿ ಇನ್ನೊಬ್ಬ ಸಂಪಾದಕರಿಗೆ ಅನುಮಾನ ಬಂದು ಕಳ್ಳ ಸಿಕ್ಕಿಬಿದ್ದ. ಆಮೇಲೆ ಅದನ್ನು ಕಿತ್ತುಹಾಕಿದರು. ಪಾಪದ ಡೋರ್ಡ್. ಅದಕ್ಕೆ ಅರ್ಥ ಇತ್ತು, ಬಳಸುವವರು ಇರಲಿಲ್ಲ. ಸ್ಕಿಬಿಡಿಗೆ ಬಳಸುವವರಿದ್ದರು, ಅರ್ಥ ಇಲ್ಲ. ಒಂದನ್ನು ಹೊರಗೆ ಹಾಕಿದರು, ಇನ್ನೊಂದಕ್ಕೆ ಕುರ್ಚಿ ಹಾಕಿದರು.

ಬೇಕೆಂದೇ ಸುಳ್ಳು ಪದ ಇಟ್ಟದ್ದೂ ಉಂಟು. ತಮ್ಮ ಡಿಕ್ಷನರಿಯನ್ನು ಕದ್ದು ಅಚ್ಚು ಹಾಕುವವರನ್ನು ಹಿಡಿಯಲು 2001ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ಡಿಕ್ಷನರಿಯಲ್ಲಿ ‘ಎಸ್ಕ್ವಿವೇಲಿಯನ್ಸ್’ ಅಂತ ಒಂದನ್ನು ಹುಟ್ಟಿಸಿ ಬಿಟ್ಟಿದ್ದರು. ಅರ್ಥ: ಹೊಣೆಯಾಗಿ ಬಂದ ಕೆಲಸದಿಂದ ಬೇಕೆಂದೇ ನುಣುಚಿಕೊಳ್ಳುವುದು. ನನ್ನ ಪ್ರಕಾರ ಆ ಇಡೀ ಪುಸ್ತಕದಲ್ಲಿ ದಿನಕ್ಕೆ ಹತ್ತು ಸಲ ಬೇಕಾಗುವ ಪದ ಅದೊಂದೇ. ಅದೇ ಸುಳ್ಳು.

ಮೆಕ್‌ಜಾಬ್ ಗಲಾಟೆಯನ್ನೂ ಹೇಳಿಬಿಡುತ್ತೇನೆ. ಸಂಬಳ ಕಡಿಮೆ, ಮುಂದೆ ಬರುವ ದಾರಿ ಇಲ್ಲ, ಅಂಥ ಕೆಲಸಕ್ಕೆ ಜನ ಇಟ್ಟ ಹೆಸರು. 2003ರಲ್ಲಿ ಮೆರಿಯಂ-ವೆಬ್‌ಸ್ಟರ್ ಸೇರಿಸಿದಾಗ ಮೆಕ್‌ಡೊನಾಲ್ಡ್ಸ್ ಕಂಪನಿ ಸಿಟ್ಟಾಯಿತು. 2007ರಲ್ಲಿ ಬ್ರಿಟನ್ನಿನಲ್ಲಿ ಅರ್ಥ ಬದಲಿಸಿ ಅಂತ ಅಭಿಯಾನವನ್ನೇ ಮಾಡಿತು. ಅರ್ಥ ಬದಲಿಸುವುದಕ್ಕೆ ಇನ್ನೊಂದು ದಾರಿಯೂ ಇತ್ತು, ಸಂಬಳ ಜಾಸ್ತಿ ಮಾಡುವುದು. ಅದು ದುಬಾರಿ.

ನಮ್ಮ ಕಡೆಯ ಪದ ಸೇರಿದಾಗ ನಾವೂ ಕಡಿಮೆ ಕುಣಿಯುವುದಿಲ್ಲ. 2016ರಲ್ಲಿ ಆಕ್ಸ್‌ಫರ್ಡ್‌ನವರು ‘ಅಯ್ಯೋ’ ಸೇರಿಸಿದಾಗ ಬಂಧುವಿಗೆ ವೀಸಾ ಸಿಕ್ಕಿದಷ್ಟು ಸಂಭ್ರಮ. ಅಯ್ಯೋ ಅನ್ನುವುದಕ್ಕೆ ಅವರ ರಸೀದಿ ಯಾಕೆ ಬೇಕಿತ್ತು ಅಂತ ಯಾರೂ ಕೇಳಲಿಲ್ಲ. ಹಾಲು ಉಕ್ಕಿದಾಗಿನ ಅಯ್ಯೋ ಬೇರೆ, ಹಳೇ ಗೆಳೆಯ ಎದುರು ಸಿಕ್ಕಾಗಿನ ಅಯ್ಯೋ ಬೇರೆ, ಸಾವಿನ ಸುದ್ದಿ ಕೇಳಿದಾಗಿನದ್ದು ಬೇರೆಯೇ. ಅದರಲ್ಲಿ ‘ಯೋ’ ಎಷ್ಟು ಉದ್ದ ಎಳೆಯಬೇಕು ಅನ್ನುವುದರಲ್ಲಿ ಅರ್ಥ ಇರುವುದು. ಅದನ್ನು ಯಾವ ಚೀಟಿಯಲ್ಲಿ ಬರೆಯುತ್ತಾರೆ?

ಇಷ್ಟರವರೆಗೆ ನಗುತ್ತಾ ಬಂದೆ. ಒಂದು ವಿಷಯದಲ್ಲಿ ನಗು ಬರುವುದಿಲ್ಲ.

ಆಕ್ಸ್‌ಫರ್ಡ್ ಜೂನಿಯರ್ ಡಿಕ್ಷನರಿ ಅಂತ ಒಂದಿದೆ. ಏಳು ವರ್ಷದ ಆಸುಪಾಸಿನ ಮಕ್ಕಳಿಗೆ. ಇದು ಪುಸ್ತಕ, ಜಾಗ ಲೆಕ್ಕದ್ದು. ಹೊಸದು ಬರಬೇಕಾದರೆ ಹಳೆಯದು ಹೋಗಬೇಕು. 2007ರ ಆವೃತ್ತಿಯಲ್ಲಿ ಬ್ರಾಡ್‌ಬ್ಯಾಂಡ್ ಬಂತು, ಬ್ಲಾಗ್ ಬಂತು, ಚಾಟ್‌ರೂಮ್, ವಾಯ್ಸ್‌ಮೇಲ್, ಅಟ್ಯಾಚ್‌ಮೆಂಟ್, ಸೆಲೆಬ್ರಿಟಿ, ಕಟ್ ಅಂಡ್ ಪೇಸ್ಟ್ ಬಂದವು. ಕಮಿಟಿ ಕೂಡ ಬಂತು. ಹೋದದ್ದು ಯಾವುದು? ಓಕ್ ಮರದ ಕಾಯಿ. ಮಿಂಚುಳ್ಳಿ. ನೀರುನಾಯಿ. ಹಂಸದ ಮರಿ. ಜರಿಗಿಡ. ಮಕರಂದ. ಹುಲ್ಲುಗಾವಲು.

ಹಿಂದೆ ತುಂಬಾ ಮಕ್ಕಳು ಹಳ್ಳಿಯಂಥ ಪರಿಸರದಲ್ಲಿ ಬೆಳೆಯುತ್ತಿದ್ದರು, ಹೂವಿನ ಹೆಸರು ಬೇಕಿತ್ತು, ಈಗ ಹಾಗಿಲ್ಲ ಅನ್ನುವುದು ಪ್ರಕಾಶಕರ ವಿವರಣೆ. 2015ರಲ್ಲಿ 28 ಜನ ಲೇಖಕರು ಸೇರಿ ಆ ಪದಗಳನ್ನು ವಾಪಸ್ ತನ್ನಿ ಅಂತ ಬಹಿರಂಗ ಪತ್ರ ಬರೆದರು. ಅದೂ ಒಂದು ದಿನದ ಸುದ್ದಿಯಾಗಿ ಹೋಯಿತು.

ಏಳು ವರ್ಷದ ಮಗುವಿಗೆ ಕಮಿಟಿ ಯಾಕೆ ಬೇಕು? ಅದನ್ನು ದೊಡ್ಡವರಾದ ಮೇಲೆ ಬೇಡ ಅಂದರೂ ಕಲಿಯುತ್ತಾರೆ. ಮಗು ಮಿಂಚುಳ್ಳಿಯ ಹೆಸರು ಹೇಳುತ್ತಿಲ್ಲ ಅಂದರೆ ಅದಕ್ಕೆ ಯಾರೂ ಮಿಂಚುಳ್ಳಿ ತೋರಿಸಿಲ್ಲ ಅಂತ ಅರ್ಥ. ತೋರಿಸದವರು ನಾವು. ತೋರಿಸದೆ, ಹೇಳದೆ, ಕೊನೆಗೆ ಮಕ್ಕಳೇ ಬಳಸುತ್ತಿಲ್ಲ ನೋಡಿ ಅಂತ ಲೆಕ್ಕ ತೋರಿಸಿ ಪದವನ್ನೂ ತೆಗೆದೆವು. ಲೆಕ್ಕ ಸರಿಯಾಗಿಯೇ ಇದೆ. ಅದೇ ಬೇಜಾರು. ಆ ಬ್ಲಾಗು, ಚಾಟ್‌ರೂಮು, ವಾಯ್ಸ್‌ಮೇಲು ಇವತ್ತು ಯಾವ ಮಗು ಬಳಸುತ್ತದೆ? ಯಾರಿಗೋಸ್ಕರ ಜಾಗ ಬಿಡಿಸಿದರೋ ಅವರೇ ಜಾಗ ಖಾಲಿ ಮಾಡಿದರು. ಮಿಂಚುಳ್ಳಿ ಇನ್ನೂ ಹೊಳೆಯ ಮೇಲೆ ಕೂತೇ ಇದೆ.

ಬಿಡಿ. ಇದನ್ನು ಎಷ್ಟು ಸಲ ಅಂತ ಹೇಳುವುದು.

ಒಂದು ಸಮಾಧಾನದ ಸುದ್ದಿಯೂ ಇದೆ ಅನ್ನಿ. ಒಣಗಿದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆಗೆ ಇಂಗ್ಲಿಷಿನಲ್ಲಿ ‘ಪೆಟ್ರಿಕೋರ್’ ಅನ್ನುತ್ತಾರೆ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಕಟ್ಟಿದ ಪದ. ಮೆರಿಯಂ-ವೆಬ್‌ಸ್ಟರ್‌ನವರು 22 ವರ್ಷದ ಮೇಲೆ 2025ರ ನವೆಂಬರ್‌ನಲ್ಲಿ ಕಾಲೇಜು ಡಿಕ್ಷನರಿಯ ಹೊಸ ಆವೃತ್ತಿಯನ್ನು ಅಚ್ಚು ಹಾಕಿಸಿದರು, 5,000 ಹೊಸ ಪದ ಸೇರಿಸಿ. ಅದರಲ್ಲಿ ಪೆಟ್ರಿಕೋರ್‌ಗೂ ಜಾಗ ಸಿಕ್ಕಿದೆ. ಮಳೆಯ ವಾಸನೆ 61 ವರ್ಷ ಸರದಿಯಲ್ಲಿ ನಿಂತಿತ್ತು. ಅದೇ ಬಾಗಿಲಿನಿಂದ, ಅದೇ ದಿನ, ‘ರಿಜ್’ ಕೂಡ ಒಳಗೆ ಹೋಯಿತು, ಹುಡುಗಿಯರನ್ನು ಬುಟ್ಟಿಗೆ ಹಾಕಿಕೊಳ್ಳುವ ಚಾಕಚಕ್ಯತೆ. ಅದಕ್ಕೆ ಇನ್ನೂ ಹಾಲುಹಲ್ಲು.

ಬರೆದು ಮುಗಿಸಿ ಮಗಳಿಗೆ ಓದಲು ಕೊಟ್ಟೆ. ಮಿಂಚುಳ್ಳಿ ಅಂದ್ರೆ ಯಾವುದು ಅಂತ ಕೇಳಿದಳು. ಫೋನಿನಲ್ಲಿ ಚಿತ್ರ ತೋರಿಸಿದೆ. ‘ಓ, ಚೆನ್ನಾಗಿದೆ’ ಅಂದಳು. ಲೇಖನ ಹೇಗಿದೆ ಅಂತ ಕೇಳಿದೆ.

ಎರಡೂ ಅಂಗೈ ಮೇಲ್ಮುಖ ಮಾಡಿ, ಒಂದನ್ನು ಮೇಲೆ ಒಂದನ್ನು ಕೆಳಗೆ ಆಡಿಸಿದಳು.